ಯಂತ್ರದ ಜೊತೆ ಕಲಿಕೆಯೂ ಬರಲಿ

ಮಾನ್ಯ ಸಂಪಾದಕರೇ,

ಗೇರುಬೀಜ ಒಡೆಯುವ ಕೆಲಸಕ್ಕೆ ಸೇರಿದಾಗ ನನಗೆ ಯಾರೂ ತರಬೇತಿ ಕೊಡಲಿಲ್ಲ. ಬೀಜದ ಗಟ್ಟಿ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ ಎಂದು ಹೇಳಿ, ಕೈಗೆ ಅಡುಗೆ ಎಣ್ಣೆ ಹಚ್ಚಿದ್ದು ಪಕ್ಕದಲ್ಲಿ ಕೂತಿದ್ದ ಅಕ್ಕ. ಬೀಜ ಹದವಾಗಿ ಬೆಂದಿದೆಯಾ ಅಂತ ಒಡೆಯುವ ಸದ್ದಿನಲ್ಲೇ ಅವರಿಗೆ ಗೊತ್ತಾಗುತ್ತಿತ್ತು.

ಈಗ ಯಂತ್ರಗಳು ಬಂದಿವೆ, ಒಳ್ಳೆಯದೇ. ಆದರೆ ಬೀಜದ ಗಾತ್ರಕ್ಕೆ ತಕ್ಕಂತೆ ಬ್ಲೇಡ್ ಹೊಂದಿಸಲು ಬಾರದಿದ್ದರೆ ತಿರುಳು ತುಂಡಾಗುತ್ತದೆ. ತುಂಡಿಗೆ ಬೆಲೆ ಕಡಿಮೆ ಅಲ್ವಾ? ಸಿಪ್ಪೆಯ ಎಣ್ಣೆ ಪೇಂಟ್, ಬ್ರೇಕ್ ಲೈನಿಂಗ್ ತಯಾರಿಕೆಗೆ ಬೇಕು. ಅದನ್ನು ತೆಗೆಯದೆ ಸಿಪ್ಪೆಯನ್ನು ಸುಮ್ನೆ ಒಲೆಗೆ ಹಾಕಿದರೆ ಹೊಗೆಯೇ ಜಾಸ್ತಿ.

ಯಂತ್ರಕ್ಕೆ ಸಬ್ಸಿಡಿ ಕೊಡುವಾಗ, ಅದನ್ನು ನಡೆಸುವ ಹೆಂಗಸರಿಗೆ ಸಂಬಳ ಸಹಿತ ತರಬೇತಿ ಕೊಡಬೇಕೆಂಬ ಷರತ್ತೂ ಇರಲಿ. ಕಲಿಸಲು ಹಳೆಯ ಅಕ್ಕಂದಿರನ್ನೂ ಕರೆಯಲಿ.

– ಗೇರು ಕಾರ್ಖಾನೆಯ ಕೆಲಸಗಾರ್ತಿ, ಕಾರ್ಕಳ, ಉಡುಪಿ ಜಿಲ್ಲೆ