ಚುಕ್ಕಿ ಬಂದ ಮೊದಲ ವಾರ

ಹ್ಯಾನೋವರ್, ಜರ್ಮನಿ
ಮೇ 9

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನಮ್ಮ ನಾಯಿ ಚುಕ್ಕಿಯೂ ಚೆನ್ನಾಗಿದ್ದಾಳೆ, ಈಗ ನನ್ನ ಕಾಲಿನ ಹತ್ತಿರವೇ ಮಲಗಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರೆಯುವುದನ್ನು ಓದಿ ನೀವು ಗಾಬರಿಯಾಗಬಾರದು. ಇಷ್ಟು ದಿನ ಫೋನಿನಲ್ಲಿ "ಎಲ್ಲ ಸರಿಯಾಗಿದೆ" ಅಂತಿದ್ದೆನಲ್ಲ, ಅದು ಪೂರ್ತಿ ನಿಜವಲ್ಲ. ಇಲ್ಲಿಗೆ ಬಂದ ನಾಲ್ಕನೇ ದಿನ ಅವಳು ತಪ್ಪಿಸಿಕೊಂಡು ಓಡಿಹೋಗಿದ್ದಳು. ಐದು ಗಂಟೆ ಹೊತ್ತು ಸಿಗಲೇ ಇಲ್ಲ. ಹೇಳೋಕೆ ಬಾಯಿ ಬರಲಿಲ್ಲ. ಬರೆದರೆ ಸಮಾಧಾನವಾಗಿ ಹೇಳಬಹುದು ಅನ್ನಿಸಿತು.

ಮೊದಲು ಪ್ರಯಾಣದ ಸಂಗತಿ. ಅಮ್ಮ, ಅಷ್ಟು ದೂರ ಹೋಗಬೇಕು, ಒಂದು ನಿದ್ದೆ ಮಾತ್ರೆ ಕೊಡಬಾರದಾ ಅಂತ ನೀನು ಎಷ್ಟು ಸಲ ಕೇಳಿದೆ. ನಾನು ಬೇಡ ಅಂದಾಗ ನಿನಗೆ ಬೇಜಾರಾಯಿತು, ಗೊತ್ತು. ಆದರೆ ಮತ್ತು ಬರುವ ಔಷಧ ಉಸಿರಾಟವನ್ನೂ ರಕ್ತದೊತ್ತಡವನ್ನೂ ಇಳಿಸುತ್ತದೆ. ಅಷ್ಟು ಎತ್ತರದಲ್ಲಿ ಅದೇ ಅಪಾಯ. ಮತ್ತಿನಲ್ಲಿರುವ ನಾಯಿ, ಅದನ್ನು ಕೂರಿಸಿರುವ ಪೆಟ್ಟಿಗೆ ಅಲುಗಿದರೆ ಸರಿಯಾಗಿ ನಿಲ್ಲಲೂ ಆಗದೆ ಪೆಟ್ಟು ಮಾಡಿಕೊಳ್ಳುತ್ತದೆ. ವಿಮಾನದ ಹೊಟ್ಟೆಯೊಳಗೆ ಪ್ರಾಣಿಗಳನ್ನು ಇಡುವ ಜಾಗದಲ್ಲೂ ಗಾಳಿಯ ಒತ್ತಡ ನಾವು ಕೂರುವ ಕಡೆ ಇದ್ದಷ್ಟೇ ಇರುತ್ತದೆ, ಬಿಸಿಯೂ ಬೇಕಾದಷ್ಟು ಇರುತ್ತದೆ. ಅವಳಿಗೆ ಬೇಕಾಗಿದ್ದು ಮಾತ್ರೆ ಅಲ್ಲ, ಅಭ್ಯಾಸ. ಅದನ್ನು ಮಾಡಿಸಿದ್ದು ನೀವು, ಅಪ್ಪ. ಮೂರು ತಿಂಗಳು ದಿನಾ ಆ ಪೆಟ್ಟಿಗೆಯೊಳಗೇ ಊಟ ಇಟ್ಟಿರಿ. ಮೊದಲು ಬಾಗಿಲು ತೆಗೆದೇ, ಆಮೇಲೆ ಐದು ನಿಮಿಷ ಮುಚ್ಚಿ, ಕೊನೆಗೆ ರಾತ್ರಿಯಿಡೀ. ಹತ್ತು ಗಂಟೆ ಹಾರಿ ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಮೇಲೆ ನೋಡಿದರೆ ಚುಕ್ಕಿ ಮುಖ ಎತ್ತಿ ಬಾಲ ಬಡಿದಳು. ಒಳಗೆ ಹಾಸಿದ್ದ ನಿಮ್ಮ ಹಳೇ ಶರ್ಟ್ ಮೇಲೆ ಸುತ್ತಿಕೊಂಡು ಮಲಗಿದ್ದಳು, ಅಷ್ಟೇ.

ಏಜೆಂಟ್ ಕೈಲಿ ಕಳಿಸಿದ್ದರೆ ಆಗುತ್ತಿರಲಿಲ್ಲವಾ, ರಜೆ ಹಾಕಿ ನೀನೇ ಯಾಕೆ ಬರಬೇಕು ಅಂತ ನೀವು ಕೇಳಿದ್ದಿರಿ. ಯುರೋಪಿನ ನಿಯಮ ಹಾಗಿದೆ ಅಪ್ಪ. ನಾಯಿ ಬರುವುದಕ್ಕೂ ಅದರ ಮನೆಯವರು ಬರುವುದಕ್ಕೂ 5 ದಿನಕ್ಕಿಂತ ಜಾಸ್ತಿ ಅಂತರ ಇರಬಾರದು. ಇದ್ದರೆ ಅದನ್ನು ವ್ಯಾಪಾರದ ಸಾಗಣೆ ಅಂತ ಲೆಕ್ಕ ಹಾಕುತ್ತಾರೆ. ಆಗ ನಿಯಮಗಳೇ ಬೇರೆ.

ಚಿಕ್ಕಪ್ಪನ ಮಗಳೂ ಮುಂದಿನ ವರ್ಷ ತನ್ನ ಪಗ್ ಜೊತೆ ಈ ಕಡೆಗೇ ಬರುತ್ತಾಳಂತಲ್ಲ, ಈ ಕಾಗದ ಅವಳಿಗೂ ಓದಿ ಹೇಳಿ. ನಮಗೆ ತಡವಾಗಿದ್ದು ಒಂದೇ ಒಂದು ತಪ್ಪಿನಿಂದ. ಮೊದಲು ಚರ್ಮದ ಕೆಳಗೆ ಹಾಕುವ ಗುರುತಿನ ಚಿಪ್, ಆಮೇಲೆ ರೇಬೀಸ್ ಚುಚ್ಚುಮದ್ದು. ನಾವು ಹಿಂದುಮುಂದು ಮಾಡಿದೆವು. ಚಿಪ್ ಹಾಕುವ ಮೊದಲು ಕೊಡಿಸಿದ ಚುಚ್ಚುಮದ್ದು ಇವರ ಲೆಕ್ಕಕ್ಕೆ ಬರುವುದೇ ಇಲ್ಲ. ಮತ್ತೆ ಹಾಕಿಸಿ, ಕಡಿಮೆ ಅಂದರೂ 30 ದಿನ ಕಾದು ರಕ್ತ ತೆಗೆಸಬೇಕಾಯಿತು. ಅದನ್ನು ಯುರೋಪ್ ಒಪ್ಪಿಕೊಂಡಿರುವ ಲ್ಯಾಬಿಗೇ ಕಳಿಸಬೇಕು, ರೋಗ ತಡೆಯುವ ಪ್ರತಿಕಾಯ ಒಂದು ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಆದರೂ ಇರಬೇಕು. ರಿಪೋರ್ಟ್ ಚೆನ್ನಾಗಿ ಬಂದರೂ ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಲೇಬೇಕು. ಕೊನೆಗೆ ಸರ್ಕಾರಿ ವೈದ್ಯರ ಸಹಿ ಇರುವ ಆರೋಗ್ಯ ಪತ್ರ, ಅದು ಇಲ್ಲಿ ಇಳಿಯುವ ಹಿಂದಿನ 10 ದಿನದ ಒಳಗಿನದಾಗಿರಬೇಕು. ಇದು ಅತಿಯಾಯಿತು ಅಂತ ಆಗ ನನಗೂ ಕೋಪ ಬಂದಿತ್ತು. ಆದರೆ ನರಿಗಳಿಗೆ ವರ್ಷಗಟ್ಟಲೆ ಲಸಿಕೆ ತಿನ್ನಿಸಿ ಈ ದೇಶ 2008ರಲ್ಲಿ ನಾಯಿ, ನರಿಗಳ ರೇಬೀಸಿನಿಂದ ಮುಕ್ತವಾಗಿದೆ. ಅದನ್ನು ಉಳಿಸಿಕೊಳ್ಳಬೇಕು ಅನ್ನುವುದು ನ್ಯಾಯವೇ ಅಲ್ವಾ?

ಪಗ್ ವಿಷಯದಲ್ಲಿ ಮಾತ್ರ ಅವಳು ತುಂಬಾ ಯೋಚಿಸಬೇಕು. ಚಪ್ಪಟೆ ಮೂಗಿನ ನಾಯಿಗಳಿಗೆ ಸುಮ್ಮನಿದ್ದಾಗಲೇ ಉಸಿರು ಕಷ್ಟ. ಸೆಖೆ, ಗಾಬರಿ ಎರಡೂ ಸೇರಿದರೆ ಪ್ರಾಣಕ್ಕೇ ಬರುತ್ತದೆ. ಎಷ್ಟೋ ವಿಮಾನಗಳಲ್ಲಿ ಅಂಥವನ್ನು ಹತ್ತಿಸಿಕೊಳ್ಳುವುದೇ ಇಲ್ಲ. ವೈದ್ಯರಿಗೆ ತೋರಿಸದೆ ಟಿಕೆಟ್ ಮಾಡಬೇಡ ಅಂತ ಹೇಳಿ.

ಈಗ ಆ ದಿನದ ವಿಷಯ.

ಸಂಜೆ ಆರು ಗಂಟೆ. ಚುಕ್ಕಿಯನ್ನು ಹೊರಗೆ ಕರೆದುಕೊಂಡು ಹೋಗಿದ್ದೆ. ನಮ್ಮ ಬೀದಿಯ ಕೊನೆಯಲ್ಲಿ ಖಾಲಿ ಗಾಜಿನ ಬಾಟಲಿ ಹಾಕಲು ದೊಡ್ಡ ಕಬ್ಬಿಣದ ಡಬ್ಬಗಳಿವೆ. ಯಾರೋ ಒಂದು ಚೀಲದ ತುಂಬ ಬಾಟಲಿ ತಂದು ಒಂದೊಂದಾಗಿ ಒಳಗೆ ಬಿಟ್ಟರು. ಢಣಾರ್ ಅಂತ ಸದ್ದು. ಚುಕ್ಕಿ ಬೆಚ್ಚಿಬಿದ್ದು ಹಿಂದಕ್ಕೆ ಎಳೆದಳು. ನಾನು ಮುಂದಕ್ಕೆ ಎಳೆದೆ. ಕತ್ತಿನ ಬೆಲ್ಟ್ ಕಿವಿಗಳ ಮೇಲೆ ಜಾರಿ, ತಲೆ ಆಚೆ ಬಂದುಬಿಟ್ಟಿತು. ನನ್ನ ಕೈಯಲ್ಲಿ ಖಾಲಿ ಬೆಲ್ಟ್ ನೇತಾಡುತ್ತಿತ್ತು. ಅವಳು ಐಲೆನ್‌ರೀಡ ಕಡೆಗೆ ಓಡುತ್ತಿದ್ದಳು.

ಐಲೆನ್‌ರೀಡ ಅಂದರೆ ಈ ಊರಿನ ಮಧ್ಯದಲ್ಲೇ ಇರುವ ಕಾಡು, 600 ಹೆಕ್ಟೇರಿಗಿಂತ ದೊಡ್ಡದು. ಅದರ ಆಚೀಚೆ ಟ್ರಾಮ್, ಕಾರು, ದೊಡ್ಡ ರಸ್ತೆ. ನಾನು ಹೆಸರು ಹಿಡಿದು ಕೂಗುತ್ತಾ ಹಿಂದೆಯೇ ಓಡಿದೆ. ಅದೇ ತಪ್ಪು. ಹೆದರಿದ ನಾಯಿಗೆ ಬೆನ್ನಟ್ಟಿ ಬರುವವರು ಯಾರಾದರೂ ಒಂದೇ, ಇನ್ನೂ ದೂರ ಓಡುತ್ತದೆ. ನಾಲ್ಕು ದಿನದ ಹಿಂದೆ ಬಂದವಳಿಗೆ ಈ ಮನೆ ಇನ್ನೂ ಮನೆಯೇ ಆಗಿರಲಿಲ್ಲ. ವಾಪಸ್ ಬರಲು ದಾರಿ ಹೇಗೆ ಗೊತ್ತಿರಬೇಕು ಹೇಳಿ.

ಪೊಲೀಸರಿಗೆ ಫೋನ್ ಮಾಡಿದೆ, ದಿಕ್ಕುತಪ್ಪಿದ ಪ್ರಾಣಿಗಳನ್ನು ಇಟ್ಟುಕೊಳ್ಳುವ ಕಡೆಗೂ ಮಾಡಿದೆ. "ಚಿಪ್ ಇದೆಯಾ?" ಇದೆ. "ಎಲ್ಲಿ ನೋಂದಾಯಿಸಿದ್ದೀರಿ?" ಉತ್ತರ ಇರಲಿಲ್ಲ. ಆಗ ಅರ್ಥವಾಯಿತು. ಚಿಪ್ಪಿನಲ್ಲಿ ನನ್ನ ಹೆಸರೂ ಇಲ್ಲ, ಫೋನ್ ನಂಬರೂ ಇಲ್ಲ. ಇರುವುದು ಬರೀ 15 ಅಂಕಿ. ಆ ಅಂಕಿಯ ಎದುರು ನನ್ನ ನಂಬರ್ ಯಾರ ಹತ್ತಿರವೂ ಇಲ್ಲದಿದ್ದರೆ, ಅವಳನ್ನು ಯಾರಾದರೂ ಹಿಡಿದು ಚಿಪ್ ಓದಿದರೂ ನನಗೆ ಸುದ್ದಿ ಬರುವುದಿಲ್ಲ. ಕಾಗದಪತ್ರಕ್ಕೆ ಅಂತ ಅಷ್ಟು ಕಷ್ಟಪಟ್ಟೆವು, ಇದೊಂದು ಯಾರ ತಲೆಗೂ ಹೊಳೆದಿರಲಿಲ್ಲ. ಟಾಸ್ಸೋ ಅಂತ ಒಂದು ಸಂಸ್ಥೆ ಇದೆ, ಪುಕ್ಕಟೆಯಾಗಿ ನೋಂದಾಯಿಸಿಕೊಳ್ಳುತ್ತಾರೆ. ಅಲ್ಲೇ ರಸ್ತೆ ಬದಿ ನಿಂತು, ನಡುಗುವ ಕೈಯಲ್ಲಿ ಫೋನಿನಲ್ಲೇ ತುಂಬಿಸಿದೆ.

ತನ್ನ ನಾಯಿಯ ಜೊತೆ ಬರುತ್ತಿದ್ದ ಒಬ್ಬ ಅಜ್ಜಿ ನನ್ನನ್ನು ನೋಡಿ ನಿಂತರು. ಅವರು ಹೇಳಿದ್ದು ಮೂರೇ ಮಾತು. ಓಡಬೇಡ. ಕೂಗಬೇಡ. ಎಲ್ಲಿ ತಪ್ಪಿಸಿಕೊಂಡಳೋ ಅಲ್ಲಿ ಅವಳ ಹಾಸಿಗೆ ಹಾಕಿ ಕೂತುಕೋ. ಮನೆಗೆ ಹೋಗಿ ಪೆಟ್ಟಿಗೆಯಿಂದ ಅಪ್ಪನ ಶರ್ಟ್ ತಂದೆ. ಅಮ್ಮ, ಹೊರಡುವ ದಿನ ನೀನು ಅದನ್ನು ಒಗೆದು ಕೊಡುತ್ತೇನೆ ಅಂದಿದ್ದೆ, ನಾನು ಬೇಡ ಅಂದಿದ್ದೆ, ನೆನಪಿದೆಯಾ? ಅದನ್ನು ಹುಲ್ಲಿನ ಮೇಲೆ ಹಾಸಿ ಪಕ್ಕದಲ್ಲಿ ಕೂತೆ. ಒಂಬತ್ತೂವರೆ ಹೊತ್ತಿಗೆ ಕತ್ತಲಾಯಿತು. ಚಳಿ ಹತ್ತಿತು. ಟ್ರಾಮ್ ಓಡಾಟ ಕಡಿಮೆಯಾಯಿತು. ಅಜ್ಜಿ ತಮ್ಮ ನಾಯಿಯನ್ನು ಮನೆಗೆ ಬಿಟ್ಟು ಬಂದು, ದೂರದ ಬೆಂಚಿನಲ್ಲಿ ಕೂತಿದ್ದರು. ನನ್ನ ಗುರುತೂ ಇಲ್ಲದವರು.

ಹನ್ನೊಂದು ಆಗುತ್ತಾ ಬಂದಾಗ ಪೊದೆಯ ಹತ್ತಿರ ಎರಡು ಕಣ್ಣು ಮಿಂಚಿದವು. ಓಡಿಹೋಗಿ ಅಪ್ಪಿಕೊಳ್ಳಬೇಕು ಅನ್ನಿಸಿತು. ತಡೆದುಕೊಂಡೆ. ಮುಖ ಬೇರೆ ಕಡೆ ತಿರುಗಿಸಿ, ಮೆಲ್ಲಗೆ "ಬಾ ಪುಟ್ಟಿ" ಅಂದೆ. ನೆಲಕ್ಕೆ ಹೊಟ್ಟೆ ತಾಗುವ ಹಾಗೆ ಬಗ್ಗಿ, ಒಂದು ಹೆಜ್ಜೆ ಇಟ್ಟು ನಿಂತು, ಇನ್ನೊಂದು ಹೆಜ್ಜೆ ಇಟ್ಟು ನಿಂತು, ಬಂದಳು. ನನ್ನ ಹತ್ತಿರ ಅಲ್ಲ, ಶರ್ಟ್ ಹತ್ತಿರ. ಕಾಲರಿಗೆ ಮೂಗು ಒತ್ತಿ ಮಲಗಿಬಿಟ್ಟಳು. ಕಾಲುಗಳಲ್ಲಿ ಕೆಸರು, ಒಂದು ಅಂಗಾಲು ಕೊಯ್ದು ರಕ್ತ ಒಣಗಿತ್ತು. ಆಮೇಲೆ ನಾನು ಅತ್ತೆ, ಅಜ್ಜಿಯೂ ಅತ್ತರು.

ಈಗ ಹೊರಗೆ ಹೋದರೆ ಅವಳಿಗೆ ಎರಡು ಲೀಶ್, ಅಂದರೆ ಕೈಯಲ್ಲಿ ಹಿಡಿಯುವ ಹಗ್ಗ. ಒಂದು ಕತ್ತಿನ ಬೆಲ್ಟಿಗೆ, ಇನ್ನೊಂದು ಮೈಗೆ ತೊಡಿಸುವ ಪಟ್ಟಿಗಳ ಹಾರ್ನೆಸ್ಸಿಗೆ. ಆ ಹಾರ್ನೆಸ್ಸಿನಲ್ಲಿ ಎದೆಯ ಹಿಂದೆ, ಸೊಂಟದ ಹತ್ತಿರ ಇನ್ನೊಂದು ಪಟ್ಟಿ ಇದೆ, ಹಿಂದಕ್ಕೆ ಎಳೆದರೂ ಜಾರುವುದಿಲ್ಲ. ಮನೆಬಾಗಿಲು ತೆಗೆಯುವ ಮೊದಲೇ ಎರಡನ್ನೂ ಹಾಕುತ್ತೇನೆ. ಕಾರಿನಲ್ಲಿ ಹೋದರೂ ಬಾಗಿಲು ಮುಚ್ಚಿರುವಾಗಲೇ ಲೀಶ್ ಹಾಕಿ ಕೈಗೆ ಸುತ್ತಿಕೊಂಡು ಆಮೇಲೆ ಇಳಿಸುತ್ತೇನೆ. ಕಾಡಿನಲ್ಲಂತೂ ಬಿಡುವ ಮಾತೇ ಇಲ್ಲ. ಈ ರಾಜ್ಯದಲ್ಲಿ ಏಪ್ರಿಲ್ 1ರಿಂದ ಜುಲೈ 15ರವರೆಗೆ ಕಾಡು, ಬಯಲಿನಲ್ಲಿ ನಾಯಿಗೆ ಲೀಶ್ ಕಡ್ಡಾಯ. ಹಕ್ಕಿ, ಮೊಲ, ಜಿಂಕೆ ಮರಿ ಮಾಡುವ ಕಾಲ ಅದು.

ನಡೆದು ಬಂದ ಮೇಲೆ ದಿನಾ ಕಿವಿ, ಕಂಕುಳು, ಬೆರಳ ಸಂದಿ ಎಲ್ಲ ತಡವಿ ಉಣ್ಣಿ ಹುಳ ಹುಡುಕುತ್ತೇನೆ. ಇಲ್ಲಿಯ ಉಣ್ಣಿಯಿಂದ ನಮಗೂ ಕಾಯಿಲೆ ಬರುತ್ತದೆ. ಡಿಸೆಂಬರ್ 31ರ ರಾತ್ರಿ ಇಡೀ ಊರು ಪಟಾಕಿ ಹೊಡೆಯುತ್ತದಂತೆ. ಆ ಸಂಜೆ ಬೆಳಕಿರುವಾಗಲೇ ಅವಳನ್ನು ತಿರುಗಾಡಿಸಿ, ಕಿಟಕಿ ಮುಚ್ಚಿ, ಪಕ್ಕದಲ್ಲೇ ಕೂರುತ್ತೇನೆ. ಆ ದಿನಕ್ಕೆ ಎಲ್ಲಿಗೂ ಬರುವುದಿಲ್ಲ ಅಂತ ಈಗಲೇ ಎಲ್ಲರಿಗೂ ಹೇಳಿಟ್ಟಿದ್ದೇನೆ.

ಗಾಯ ವಾಸಿಯಾಗಿದೆ. ಈಗ ಮೆಟ್ಟಿಲು ಹತ್ತುವಾಗ ನಮ್ಮ ಬಾಗಿಲ ಮುಂದೆ ತಾನೇ ನಿಲ್ಲುತ್ತಾಳೆ. ಮೊನ್ನೆ ಬಾಟಲಿ ಡಬ್ಬದ ಹತ್ತಿರ ಹೋದಾಗ ನನ್ನ ಕಾಲಿಗೆ ಒರಗಿ ನಿಂತಳು, ಓಡಲಿಲ್ಲ.

ಅಮ್ಮ, ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಬೈಯಬೇಡ. ಅಪ್ಪ, ಮುಂದಿನ ಪಾರ್ಸೆಲ್ಲಿನಲ್ಲಿ ನಿಮ್ಮ ಇನ್ನೊಂದು ಹಳೇ ಶರ್ಟ್ ಕಳಿಸಿ. ಒಂದೆರಡು ದಿನ ಹಾಕಿಕೊಂಡು, ಒಗೆಯದೆ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಳಿಸಿ. ಮೊದಲನೆಯದರಲ್ಲಿ ವಾಸನೆ ಕಡಿಮೆಯಾಗಿದೆ ಅಂತ ಕಾಣುತ್ತದೆ. ಈಚೆಗೆ ಅವಳು ಕಾಲರಿನ ಹತ್ತಿರ ತುಂಬಾ ಹೊತ್ತು ಮೂಸುತ್ತಾಳೆ.

ಇಬ್ಬರಿಗೂ ನಮಸ್ಕಾರಗಳೊಂದಿಗೆ,
ನಿಮ್ಮ ಮಗಳು