ಕಂಪೌಂಡ್ ಗೋಡೆ ನಡ್ಕೊಂಡು ಹೋದ ಕಥೆ

ಮಾನ್ಯರೇ,

ಅಮೆರಿಕ ಹುಟ್ಟಿದಾಗಿಂದ ಹೀಗೇ ದಾದಾಗಿರಿ ಮಾಡ್ತಾ ಬಂದದ್ದು ಅಂತ ನಮ್ಮ ಸುರತ್ಕಲ್ ಹೋಟ್ಲಲ್ಲಿ ಬನ್ಸ್ ತಿಂತಾ ಹೇಳುವವರು ತುಂಬಾ ಜನ ಉಂಟು, ಹಾಗಲ್ಲ ಮಾರಾಯ್ರೆ. 1796ರಲ್ಲಿ ಅವರ ಮೊದಲ ಅಧ್ಯಕ್ಷ ವಾಷಿಂಗ್ಟನ್ ಹೇಳಿದ್ದು ಹೊರದೇಶಗಳ ಜೊತೆ ಪರ್ಮನೆಂಟ್ ದೋಸ್ತಿ ಬೇಡ ಅಂತ. 1823ರಲ್ಲಿ ಅಧ್ಯಕ್ಷ ಮನ್ರೋ, ಯುರೋಪಿನವರು ನಮ್ಮ ಕಡೆ ಬರ್ಬೇಡಿ, ನಿಮ್ಮ ಜಗಳಕ್ಕೆ ನಾವೂ ಬರುದಿಲ್ಲ ಅಂದ. ಕಂಪೌಂಡ್ ಕಟ್ಟಿದ ಹಾಗೆ, ಆಮೇಲೆ ಗೋಡೆಯೇ ಮುಂದೆ ಮುಂದೆ ಹೋಯ್ತು! 1898ರಲ್ಲಿ ಕ್ಯೂಬಾವನ್ನು ಬಿಡಿಸ್ತೇವೆ ಅಂತ ಸ್ಪೇನ್ ಜೊತೆ ಯುದ್ಧಕ್ಕೆ ಹೋದವರು ಪೋರ್ಟೊರಿಕೊ, ಗುವಾಮ್ ತಗೊಂಡ್ರು, ಪೆಸಿಫಿಕ್ ಆಚೆಯ ಫಿಲಿಪೈನ್ಸನ್ನು 2 ಕೋಟಿ ಡಾಲರ್ ಕೊಟ್ಟು ಇಟ್ಕೊಂಡ್ರು, ಅಲ್ಲಿನವರು ನಮಗೆ ಸ್ವಾತಂತ್ರ್ಯ ಬೇಕು ಅಂದಾಗ ಅವರ ಮೇಲೇ ಗುಂಡು.

ಲೋಕದ ಹಣದ ವ್ಯವಸ್ಥೆಗೆ ಡಾಲರನ್ನೇ ಆಧಾರ ಮಾಡಿದ 1944ರ ಬ್ರೆಟನ್ ವುಡ್ಸ್ ಒಪ್ಪಂದ ಆದ್ಮೇಲೆ ಎಲ್ಲ ಕಡೆ ಸೈನ್ಯ ಬೇಕಂತಿಲ್ಲ, ಡಾಲರೇ ಸಾಕು. ಇಲ್ಲೇ ನೋಡಿ, ನಮ್ಮೂರಿನ ತೈಲ ರಿಫೈನರಿ ಎಂಆರ್‌ಪಿಎಲ್‌ಗೆ ವರ್ಷಗಟ್ಲೆ ಇರಾನಿನ ಕ್ರೂಡ್ ಬರ್ತಿತ್ತು, ಇರಾನಿನ ತೈಲ ತಗೊಂಡ್ರೆ ಡಾಲರ್ ವ್ಯವಹಾರಕ್ಕೇ ಕಲ್ಲು ಅನ್ನುವ ನಿರ್ಬಂಧದಿಂದ ನಮಗೆ ಕೊಟ್ಟಿದ್ದ ವಿನಾಯಿತಿಯನ್ನು 2019ರ ಮೇಯಲ್ಲಿ ಅಮೆರಿಕ ನಿಲ್ಲಿಸಿತು, ಭಾರತದ ಖರೀದಿಯೂ ನಿಂತಿತು. ಮಾರುವವ ಇರಾನ್, ತಗೊಳ್ಳುವವರು ನಾವು, ಬೇಡ ಅನ್ಲಿಕ್ಕೆ ಮೂರನೆಯವ!

ಇದರ ಬಗ್ಗೆ ಒಂದು ಫುಲ್ ಪೇಜ್ ಹಾಕಿ, ಕ್ರಿಕೆಟ್ ಒಂದಿನ ಕಮ್ಮಿಯಾದ್ರೆ ಅಡ್ಡಿಲ್ಲ.

– ಓದುಗ, ಸುರತ್ಕಲ್