ಹೆಸರಿಗೆ ಮಾತ್ರ ಹಣ ಕೊಡಿ: ಯುವ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಮಿತ್ರರೇ,

ನಿಮ್ಮ ಪತ್ರ ತಲುಪಿತು. ಹನ್ನೊಂದು ಕಥೆಗಳನ್ನೂ ಇಪ್ಪತ್ತಕ್ಕೂ ಹೆಚ್ಚು ಪ್ರಬಂಧಗಳನ್ನೂ ಬರೆದಿದ್ದೀರಿ. ಅವುಗಳಲ್ಲಿ ಅರ್ಧದಷ್ಟು ಪತ್ರಿಕೆಗಳಲ್ಲಿ ಬಂದು, ಓದುಗರ ಮನೆಯ ರದ್ದಿಯ ಕಟ್ಟು ಸೇರಿವೆ. ಯಾರಾದರೂ ಓದಲು ಕೇಳಿದರೆ ಕತ್ತರಿಸಿಟ್ಟ ಹಾಳೆಯ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತೀರಿ. ಇದಕ್ಕೆ ಬದಲು ಸ್ವಂತ ಜಾಲತಾಣವೊಂದನ್ನು ಮಾಡಿಕೊಳ್ಳಬೇಕೆಂದಿದ್ದೀರಿ, ಕೈಯಲ್ಲಿರುವ ಮೂರು ಸಾವಿರ ರೂಪಾಯಿಯಲ್ಲಿ ಅದು ಆಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ, ಹಣ ಉಳಿಯಲೂಬಹುದು. ಆದರೆ ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಅದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು.

ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರ ಮಾತಿನಂತೆ ಹದಿನೆಂಟು ಸಾವಿರ ರೂಪಾಯಿ ಕೊಟ್ಟು ಒಂದು ಜಾಲತಾಣ ಮಾಡಿಸಿದೆ. ತೆರೆದ ಕೂಡಲೇ ಪುಸ್ತಕದ ಪುಟ ಮಗುಚಿದಂತೆ ಕಾಣುವ ಚಿತ್ರ, ಅದರ ಕೆಳಗೆ ಶಾಲು ಹೊದ್ದ ನನ್ನ ಫೋಟೊ, ಅದರ ಪಕ್ಕದಲ್ಲಿ ಎಷ್ಟು ಜನ ಬಂದರೆಂದು ತೋರಿಸುವ ಅಂಕಿ. ಆ ಅಂಕಿಯನ್ನು ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದವನು ನಾನೇ ಆದ್ದರಿಂದ ಅದು ಏರುತ್ತಲೇ ಇತ್ತು. ಎರಡು ವರ್ಷಗಳ ಬಳಿಕ ಒಂದು ಬೆಳಿಗ್ಗೆ ಅದೇ ವಿಳಾಸದಲ್ಲಿ ಜೂಜಿನ ಜಾಹೀರಾತು ಕಾಣಿಸಿತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಡೊಮೇನ್ ಹೆಸರು, ಅಂದರೆ ತಾಣದ ವಿಳಾಸ, ನೋಂದಣಿಯಾಗಿದ್ದುದು ನನ್ನ ಹೆಸರಿನಲ್ಲಲ್ಲ, ತಾಣ ಮಾಡಿಕೊಟ್ಟವರ ಇಮೇಲಿನಲ್ಲಿ. ಅವಧಿ ಮುಗಿಯುತ್ತಿದೆ ಎಂಬ ಎಚ್ಚರಿಕೆಯ ಪತ್ರಗಳೆಲ್ಲ ಆ ಇಮೇಲಿಗೇ ಹೋಗಿದ್ದವು. ಅವರು ಆ ವೃತ್ತಿಯನ್ನೇ ಬಿಟ್ಟಿದ್ದರು. ತಾಣ ಹೋದದ್ದಕ್ಕಿಂತ ಹೆಚ್ಚು ಬೇಸರವಾದದ್ದು, ಅಲ್ಲಿ ನೇರವಾಗಿ ಟೈಪು ಮಾಡಿದ್ದ ಆರು ಪ್ರಬಂಧಗಳಿಗೆ ನನ್ನ ಬಳಿ ಬೇರೆ ಪ್ರತಿಯೇ ಇರಲಿಲ್ಲವೆಂಬುದು.

ಆದ್ದರಿಂದ ನಿಮಗೆ ಹೇಳುವುದು ಇಷ್ಟೆ. ಡೊಮೇನ್ ಹೆಸರು ನಿಮ್ಮದಾಗಿರಲಿ, ಬರಹದ ಮೂಲ ಪ್ರತಿ ನಿಮ್ಮ ಬಳಿ ಇರಲಿ, ಉಳಿದದ್ದೆಲ್ಲ ಬಾಡಿಗೆ ಮನೆಯಂತೆ ಇದ್ದರೆ ಸಾಕು. ಹಣ ಕೊಡಬೇಕಾದದ್ದು ಹೆಸರಿಗೆ ಮಾತ್ರ.

ಡೊಮೇನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳಲಾಗುವುದಿಲ್ಲ, ವರ್ಷದ ಲೆಕ್ಕದಲ್ಲಿ ನೋಂದಾಯಿಸಿಕೊಳ್ಳಬಹುದು ಅಷ್ಟೆ. ಡಾಟ್ ಕಾಮ್ ಆಗಲಿ, ಭಾರತದ ಡಾಟ್ ಇನ್ ಆಗಲಿ, ಸಾಮಾನ್ಯ ಹೆಸರೊಂದಕ್ಕೆ ಇಂದು ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಬೀಳುತ್ತದೆ. ಮೊದಲ ವರ್ಷಕ್ಕೆ ಬಹಳ ಕಡಿಮೆ ಬೆಲೆ ತೋರಿಸಿ ಎರಡನೆಯ ವರ್ಷದಿಂದ ಹಲವು ಪಟ್ಟು ಕೇಳುವುದು ಈ ವ್ಯಾಪಾರದ ಹಳೆಯ ಪದ್ಧತಿ. ಆದುದರಿಂದ ದೊಡ್ಡ ಅಕ್ಷರದಲ್ಲಿರುವ ಬೆಲೆಯನ್ನು ಬಿಟ್ಟು ನವೀಕರಣದ ಬೆಲೆ ಎಲ್ಲಿದೆಯೆಂದು ಹುಡುಕಿ, ಅದಕ್ಕೆ ಶೇಕಡಾ 18ರ ಜಿಎಸ್‌ಟಿ ಸೇರಿಸಿ, ಆಮೇಲೆ ತೀರ್ಮಾನ ಮಾಡಿ. ಹಣ ಕೊಡುವ ಪುಟದಲ್ಲಿ ಹೋಸ್ಟಿಂಗ್ (ತಾಣದ ಕಡತಗಳನ್ನು ಇರಿಸಿಕೊಳ್ಳುವ ಆತಿಥ್ಯ ಸೇವೆ), ಇಮೇಲ್, ಭದ್ರತಾ ಪ್ರಮಾಣಪತ್ರ ಎಂದು ಮೂರು ನಾಲ್ಕು ಬಾಬ್ತುಗಳಿಗೆ ಮೊದಲೇ ಟಿಕ್ ಹಾಕಿರಬಹುದು. ಎಲ್ಲವನ್ನೂ ತೆಗೆದುಹಾಕಿ. ಓದುಗರಿಗೂ ತಾಣಕ್ಕೂ ನಡುವಿನ ಸಂಪರ್ಕ ಸುರಕ್ಷಿತವಾಗಿರಲು ಬೇಕಾದ ಭದ್ರತಾ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಒಳ್ಳೆಯ ಆತಿಥ್ಯ ಸೇವೆಗಳು ಅದನ್ನು ತಾವಾಗಿಯೇ ಅಳವಡಿಸುತ್ತವೆ.

ನೋಂದಣಿಯನ್ನು ನಿಮ್ಮದೇ ಇಮೇಲಿನಿಂದ, ನಿಮ್ಮದೇ ಖಾತೆಯಲ್ಲಿ ಮಾಡಿ. ಅದು ಕಾಲೇಜಿನ ಅಥವಾ ಕಚೇರಿಯ ಇಮೇಲ್ ಆಗಿರಬಾರದು, ಅಲ್ಲಿಂದ ಹೊರಬಂದ ದಿನ ಅದೂ ಮುಚ್ಚಿಹೋಗುತ್ತದೆ. ಅವಧಿ ಮುಗಿದರೆ ಡಾಟ್ ಕಾಮ್ ಹೆಸರು ಅಂದೇ ಕೈತಪ್ಪುವುದಿಲ್ಲ. ಹೆಸರು ನೋಂದಾಯಿಸಿದ ಕಂಪನಿ ಕೊಡುವ ಹೆಚ್ಚುವರಿ ದಿನಗಳು ಮುಗಿದ ಬಳಿಕವೂ ಸಾಮಾನ್ಯವಾಗಿ ದುಬಾರಿ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನಗಳಿರುತ್ತವೆ, ಅದಾದ ಮೇಲೆ 5 ದಿನ ಕಾಯಿಸಿ ಹೆಸರನ್ನು ಎಲ್ಲರಿಗೂ ಮುಕ್ತವಾಗಿ ಬಿಡುತ್ತಾರೆ. ಅಲ್ಲಿಯವರೆಗೆ ಹೋಗದಿರಲು ನವೀಕರಣದ ದಿನಾಂಕವನ್ನು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿಯೂ ಬರೆದಿಡಿ. ನಾನು ಈಗ ಹಾಗೆಯೇ ಮಾಡುತ್ತೇನೆ, ಹಾಲಿನ ಲೆಕ್ಕದ ಪಕ್ಕದಲ್ಲಿ. ಕನ್ನಡ ಲಿಪಿಯಲ್ಲಿಯೇ ಡಾಟ್ ಭಾರತ ವಿಳಾಸವೂ ಸಿಗುತ್ತದೆ. ನೋಡಲು ಸೊಗಸಾಗಿದ್ದರೂ, ಕೆಲವು ಅರ್ಜಿಗಳೂ ಇಮೇಲ್ ವ್ಯವಸ್ಥೆಗಳೂ ಅದನ್ನು ಒಪ್ಪುವುದಿಲ್ಲವಾದ್ದರಿಂದ ಮೊದಲ ಹೆಸರು ರೋಮನ್ ಅಕ್ಷರಗಳಲ್ಲಿರುವುದು ಮೇಲು. ಅದು ಫೋನಿನಲ್ಲಿ ಒಮ್ಮೆ ಹೇಳಿದರೆ ಇನ್ನೊಬ್ಬರು ತಪ್ಪಿಲ್ಲದೆ ಬರೆದುಕೊಳ್ಳುವಂತಿರಬೇಕು. ‘ಳ’ ಎಂಬುದನ್ನು ಕೆಲವರು ಒಂದು ಎಲ್ ಹಾಕಿ, ಕೆಲವರು ಎರಡು ಹಾಕಿ ಬರೆಯುತ್ತಾರೆ. ನಿಮ್ಮ ಹೆಸರಿನಲ್ಲಿಯೇ ಅಂಥ ಅಕ್ಷರವಿರುವುದರಿಂದ ಇದನ್ನು ಹೇಳಿದೆ.

ಇನ್ನು ಆತಿಥ್ಯದ ಮಾತು. ನಿಮ್ಮ ಬರಹ ಹಿಡಿಯುವ ಜಾಗ ಎಷ್ಟು ಚಿಕ್ಕದೆಂದು ತಿಳಿದರೆ ಅದಕ್ಕೆ ಹಣ ಕೊಡುವ ಯೋಚನೆಯನ್ನೇ ನೀವು ಬಿಡುತ್ತೀರಿ. ಯೂನಿಕೋಡಿನಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಗೊತ್ತುಮಾಡಿರುವ ಪದ್ಧತಿಯಲ್ಲಿ, ಯುಟಿಎಫ್-8 ಎಂಬ ರೂಪದಲ್ಲಿ ಉಳಿಸಿದಾಗ, ಕನ್ನಡದ ಒಂದೊಂದು ಸಂಕೇತವೂ 3 ಬೈಟ್ ಹಿಡಿಯುತ್ತದೆ (ಬೈಟ್ ಎಂದರೆ ಕಂಪ್ಯೂಟರಿನ ಜಾಗದ ಪುಟ್ಟ ಅಳತೆ). ‘ಕಥೆ’ ಎಂಬುದರಲ್ಲಿ ಕ, ಥ ಮತ್ತು ಎತ್ವ ಸೇರಿ ಮೂರು ಸಂಕೇತಗಳು, ಅಂದರೆ 9 ಬೈಟ್. ಈ ಲೆಕ್ಕದಲ್ಲಿ ನಾಲ್ಕು ಸಾವಿರ ಪದಗಳ ನಿಮ್ಮ ನೀಳ್ಗತೆ ನೂರು ಕಿಲೋಬೈಟಿನ, ಅಂದರೆ ಒಂದು ಲಕ್ಷ ಬೈಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಮ್ಮ ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೊ ಅಂಥ ಮೂವತ್ತು ನಲವತ್ತು ನೀಳ್ಗತೆಗಳ ಭಾರವಿರುತ್ತದೆ. ಗಿಟ್‌ಹಬ್ ಪೇಜಸ್ ಎಂಬ ಸೇವೆ ಒಂದು ತಾಣಕ್ಕೆ 1 ಗಿಗಾಬೈಟ್‌ವರೆಗೆ ಉಚಿತವಾಗಿ ಜಾಗ ಕೊಡುತ್ತದೆ, ನಿಮ್ಮ ಸ್ವಂತ ಡೊಮೇನನ್ನು ಅದಕ್ಕೆ ಜೋಡಿಸಲೂ ಹಣ ಕೇಳುವುದಿಲ್ಲ. ಇಡೀ ಆಯುಷ್ಯ ಬರೆದರೂ ಅಕ್ಷರಗಳಿಂದ ಅಷ್ಟನ್ನು ತುಂಬಲಾರಿರಿ. ಒಂದು ಎಚ್ಚರಿಕೆ: ಅಲ್ಲಿನ ಉಚಿತ ಖಾತೆಯಲ್ಲಿ ತಾಣದ ಕಡತಗಳು ಯಾರು ಬೇಕಾದರೂ ತೆರೆದು ನೋಡುವಂತಿರುತ್ತವೆ. ಅರ್ಧ ಬರೆದ ಕಥೆಯನ್ನು ಅಲ್ಲಿ ಇಡಬೇಡಿ.

ಎಚ್‌ಟಿಎಂಎಲ್ ಎಂಬ, ಜಾಲಪುಟ ಬರೆಯುವ ಭಾಷೆಯನ್ನು ಕಲಿಯುವುದು ಬೇಡವೆನಿಸಿದರೆ ಬ್ಲಾಗರ್ ಇದೆ. 1999ರಲ್ಲಿ ಶುರುವಾಗಿ 2003ರಿಂದ ಗೂಗಲ್ ಕೈಯಲ್ಲಿರುವ ಈ ಸೇವೆಯಲ್ಲಿಯೂ ಸ್ವಂತ ಹೆಸರನ್ನು ಉಚಿತವಾಗಿ ಜೋಡಿಸಬಹುದು, ಎಲ್ಲ ಬರಹಗಳನ್ನೂ ಒಂದೇ ಕಡತವಾಗಿ ಇಳಿಸಿಕೊಳ್ಳಬಹುದು. ಯಾವುದನ್ನು ಆರಿಸಿದರೂ ಅದು ಒಂದು ದಿನ ಮುಚ್ಚುತ್ತದೆ ಎಂದುಕೊಂಡೇ ಸೇರಿ. ಜಿಯೋಸಿಟೀಸ್ ಎಂಬ ಉಚಿತ ಸೇವೆಯಲ್ಲಿ ಪ್ರಪಂಚದ ಲಕ್ಷಾಂತರ ಜನ ಪುಟಗಳನ್ನು ಕಟ್ಟಿಕೊಂಡಿದ್ದರು. 2009ರ ಅಕ್ಟೋಬರಿನಲ್ಲಿ ಅದನ್ನು ಮುಚ್ಚಿದಾಗ, ಜಾಲದ ಪುಟಗಳನ್ನು ಕೂಡಿಡುವ ಇಂಟರ್ನೆಟ್ ಆರ್ಕೈವ್‌ನಂಥವರು ನಕಲು ಮಾಡಿಕೊಂಡಷ್ಟು ಮಾತ್ರ ಉಳಿಯಿತು. ಸ್ವಂತ ಡೊಮೇನ್ ಇದ್ದವರು ಮನೆ ಬದಲಿಸಿದರೂ ವಿಳಾಸ ಬದಲಿಸಬೇಕಾಗಿಲ್ಲ. ಮೂರು ಸಾವಿರದಲ್ಲಿ ಒಂದು ಸಾವಿರವನ್ನು ಹೆಸರಿಗೆ ಕೊಡಿ ಎಂದು ಪಟ್ಟು ಹಿಡಿಯುತ್ತಿರುವುದು ಇದಕ್ಕೇ. ಉಳಿದ ಎರಡು ಸಾವಿರವನ್ನು ಮುಂದಿನ ಎರಡು ವರ್ಷಗಳ ನವೀಕರಣಕ್ಕೆ ತೆಗೆದಿಡಿ.

ಈಗ ಹಣದ್ದಲ್ಲದ, ಆದರೆ ನಿಮ್ಮ ಹೆಚ್ಚಿನ ಸಮಯವನ್ನು ತೆಗೆದುಕೊಳ್ಳುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಹಳೆಯ ಕಥೆಗಳು ಡಿಟಿಪಿ ಅಂಗಡಿಯಲ್ಲಿ ಟೈಪಾಗಿವೆ ಎಂದಿದ್ದೀರಿ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿರುವ ಕಡತಗಳು ಯೂನಿಕೋಡಿನಲ್ಲಿರುವುದಿಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ಟೈಪಿಸಿದ ಕಡತದಿಂದ ಆ ಫಾಂಟನ್ನು ಕಿತ್ತರೆ, ‘ಕ’ ಎಂಬ ಒಂದೇ ಅಕ್ಷರ ದೊಡ್ಡ ‘ಪಿ’ಯಾಗಿಯೂ ನೆತ್ತಿಯ ಮೇಲೆ ಗೀಟು ಹೊತ್ತ ‘ಎ’ಯಾಗಿಯೂ ಒಡೆದು ಕೂತಿರುತ್ತದೆ. ಇದನ್ನು ತಾಣಕ್ಕೆ ಹಾಕಿದರೆ ಓದುಗರಿಗೂ ಅರ್ಥವಾಗುವುದಿಲ್ಲ, ಹುಡುಕುವ ಯಂತ್ರಗಳಿಗೂ ಆಗುವುದಿಲ್ಲ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಬಳಿಕ ಕರಡು ತಿದ್ದುವಂತೆಯೇ ಸಾಲು ಸಾಲಾಗಿ ಓದಿ. ಅರ್ಕಾವತ್ತು ಒಂದು ಅಕ್ಷರ ಆಚೆ ಈಚೆ ಸರಿದಿರುತ್ತದೆ, ಉದ್ಧರಣ ಚಿಹ್ನೆ ಬೇರೇನೋ ಆಗಿರುತ್ತದೆ.

ಕಣ್ಣಿಗೆ ಬೀಳದ ದೋಷವೊಂದಿದೆ, ಅದನ್ನು ಬಿಡಿಸಿ ಹೇಳುತ್ತೇನೆ. ಕನ್ನಡದ ಅಂಕಿ ಸೊನ್ನೆಯೂ ಅನುಸ್ವಾರದ ಸೊನ್ನೆಯೂ ನೋಡಲು ಒಂದೇ, ಆದರೆ ಯೂನಿಕೋಡಿನಲ್ಲಿ ಅವು ಎರಡು ಬೇರೆ ಸಂಕೇತಗಳು. ಅನುಸ್ವಾರದ ಜಾಗದಲ್ಲಿ ಅಂಕಿಯನ್ನು ಒತ್ತಿ ‘ಬೆ೦ಗಳೂರು’ ಎಂದು ಬರೆದಿದ್ದರೆ ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತದೆ. ಆದರೆ ನಿಮ್ಮ ಪುಟದಲ್ಲಿ ‘ಬೆಂಗಳೂರು’ ಎಂದು ಹುಡುಕಿದವರಿಗೆ ಅದು ಸಿಗದೆ ಹೋಗುತ್ತದೆ. ನನ್ನ ಹಳೆಯ ಪ್ರಬಂಧವೊಂದನ್ನು ಹೀಗೆ ಪರೀಕ್ಷಿಸಿದಾಗ ಇಂಥ ಅರುವತ್ತಕ್ಕೂ ಹೆಚ್ಚು ಸೊನ್ನೆಗಳು ಸಿಕ್ಕಿದವು. ಅಂಕಿ ಸೊನ್ನೆಯನ್ನು ಹುಡುಕಿ ನಿಜವಾದ ಅಂಕಿಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಬದಲಿಸಲು ಅರ್ಧ ಗಂಟೆ ಸಾಕಾಯಿತು.

ಓದಲು ಹಿತವಾದ ಪುಟಕ್ಕೆ ಅಲಂಕಾರ ಬೇಡ, ಸಾಲುಗಳ ನಡುವೆ ಜಾಗ ಬೇಕು. ಇಂಗ್ಲಿಷ್‌ಗೆಂದು ಮಾಡಿದ ಸಿದ್ಧ ವಿನ್ಯಾಸಗಳಲ್ಲಿ ಸಾಲಿನ ಅಂತರ ಕನ್ನಡಕ್ಕೆ ಸಾಲುವುದೇ ಇಲ್ಲ. ‘ರಾಷ್ಟ್ರ’ ಎಂದು ಬರೆದು ನೋಡಿ: ಷಕಾರದ ಕೆಳಗೆ ಎರಡು ಒತ್ತುಗಳು ತೂಗುತ್ತವೆ, ಸಾಲು ಇಕ್ಕಟ್ಟಾದರೆ ಅವು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ಅಕ್ಷರದ ಎತ್ತರದ 1.7 ಪಟ್ಟಿನಷ್ಟು ಅಂತರ ಕೊಟ್ಟರೆ ಕಣ್ಣಿಗೆ ಉಸಿರಾಡಲು ಆಗುತ್ತದೆ. ನೋಟೊ ಸೆರಿಫ್ ಕನ್ನಡ, ಟಿರೊ ಕನ್ನಡ ಮುಂತಾದ ಅಕ್ಷರಶೈಲಿಗಳು ಮುಕ್ತ ಪರವಾನಗಿಯಲ್ಲಿ ಉಚಿತವಾಗಿಯೇ ಸಿಗುವುದರಿಂದ ಫಾಂಟಿಗೂ ಹಣ ಕೊಡಬೇಕಾಗಿಲ್ಲ. ಪುಟದ ಭಾಷೆ ಕನ್ನಡವೆಂದು ಕಡತದ ಆರಂಭದಲ್ಲಿ ಘೋಷಿಸಲು ಮರೆಯಬೇಡಿ, ದೃಷ್ಟಿ ಇಲ್ಲದವರಿಗೆ ಓದಿ ಹೇಳುವ ತಂತ್ರಾಂಶಗಳು ಆ ಘೋಷಣೆಯನ್ನು ನೋಡಿಯೇ ದನಿ ಆರಿಸಿಕೊಳ್ಳುತ್ತವೆ. ಕಥೆಯ ಪುಟದ ವಿಳಾಸವನ್ನು ಮಾತ್ರ ರೋಮನ್ ಅಕ್ಷರಗಳಲ್ಲಿ ಚಿಕ್ಕದಾಗಿ ಬರೆಯಿರಿ. ಕನ್ನಡದಲ್ಲಿ ಬರೆದರೆ, ವಿಳಾಸವನ್ನು ನಕಲು ಮಾಡಿ ಅಂಟಿಸುವಾಗ ಒಂದೊಂದು ಸಂಕೇತವೂ ಶೇಕಡಾ ಚಿಹ್ನೆ ಸೇರಿದ ಒಂಬತ್ತು ಅಕ್ಷರಗಳಾಗಿ, ‘ಕಥೆ’ ಎಂಬ ಪುಟ್ಟ ಪದವೇ ಇಪ್ಪತ್ತೇಳು ಅಕ್ಷರಗಳ ಬಾಲವಾಗಿ ಬೆಳೆಯುತ್ತದೆ.

ಪುಟಗಳು ಎಷ್ಟಿರಬೇಕೆಂದು ಕೇಳಿದ್ದೀರಿ. ಬರಹಗಳ ಪಟ್ಟಿ, ಒಂದೊಂದು ಬರಹಕ್ಕೂ ಒಂದು ಪುಟ, ನಿಮ್ಮ ಬಗ್ಗೆ ನಾಲ್ಕು ಸಾಲು, ಸಂಪರ್ಕಕ್ಕೆ ಒಂದು ಇಮೇಲ್. ಮನೆಯ ವಿಳಾಸವನ್ನೂ ಮೊಬೈಲ್ ಸಂಖ್ಯೆಯನ್ನೂ ಹಾಕಬೇಡಿ. ಬರಹ ಯಾವ ಪತ್ರಿಕೆಯಲ್ಲಿ, ಯಾವ ವರ್ಷ ಬಂತೆಂದು ಪ್ರತಿ ಪುಟದ ಅಡಿಯಲ್ಲಿ ನಮೂದಿಸಿ. ಪತ್ರಿಕೆಯಲ್ಲಿ ಬಂದದ್ದನ್ನು ಮತ್ತೆ ಪ್ರಕಟಿಸಬಹುದೇ ಎಂಬ ಅಳುಕು ನಿಮಗಿದೆ. ಪತ್ರಿಕೆಯ ನೌಕರರಲ್ಲದ ನಿಮ್ಮಂಥವರ ಬರಹದ ಹಕ್ಕು ನಿಮ್ಮದೇ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲಿಖಿತವಾಗಿ ಸಹಿ ಮಾಡಿ ಕೊಡದೆ ಹಕ್ಕು ವರ್ಗಾವಣೆಯಾಗುವುದಿಲ್ಲ, ಬರೆದುಕೊಟ್ಟ ಪತ್ರದಲ್ಲಿ ಅವಧಿ ನಮೂದಾಗದಿದ್ದರೆ ಅದನ್ನು 5 ವರ್ಷ ಎಂದೇ ಗಣಿಸಲಾಗುತ್ತದೆ. ಆದರೆ ಕಥಾಸ್ಪರ್ಧೆಗಳ ಪ್ರವೇಶಪತ್ರದ ಕೆಳಗಿನ ಸಣ್ಣ ಅಕ್ಷರಗಳನ್ನು ಓದದೆ ನಾವೆಲ್ಲ ಸಹಿ ಹಾಕಿರುತ್ತೇವೆ. ಸ್ಪರ್ಧೆಯಲ್ಲಿ ಬಹುಮಾನ ಪಡೆದ ನಿಮ್ಮ ಎರಡು ಕಥೆಗಳ ಷರತ್ತುಗಳನ್ನು ಹುಡುಕಿ ಓದಿದ ಮೇಲೆಯೇ ಅವನ್ನು ತಾಣಕ್ಕೆ ಹಾಕಿ. ಹೇಗಿದ್ದರೂ ಸಂಪಾದಕರಿಗೆ ಒಂದು ಸಾಲು ಬರೆದು ತಿಳಿಸುವುದು ಮರ್ಯಾದೆ.

ಮೊದಲ ದಿನವೇ ಎಲ್ಲವನ್ನೂ ಸುರಿಯಬೇಡಿ. ಐದು ಬರಹಗಳನ್ನು ಚೆನ್ನಾಗಿ ತಿದ್ದಿ ಹಾಕಿ. ಮೂಲ ಪ್ರತಿಗಳನ್ನು ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು ಎಂದು ಸರಳ ಪಠ್ಯ ಕಡತಗಳಾಗಿ ಇಟ್ಟುಕೊಳ್ಳಿ. ಪ್ರತಿ ಪುಟ ಸಿದ್ಧವಾದಾಗ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿಗೂ ಆ ವಿಳಾಸ ಕೊಟ್ಟು ಉಳಿಸಿ, ಅದಕ್ಕೆ ಹಣವಿಲ್ಲ.

ಸಿದ್ಧವಾದ ಮೇಲೆ ನನಗೆ ವಿಳಾಸ ಕಳುಹಿಸಿ. ನನ್ನ ಹಳೆಯ ಮೊಬೈಲಿನ ಗಾಜು ಬಿರುಕು ಬಿಟ್ಟಿದೆ, ನಮ್ಮ ಬೀದಿಯಲ್ಲಿ ಸಿಗ್ನಲ್ಲೂ ಅಷ್ಟಕ್ಕಷ್ಟೆ. ಅದರಲ್ಲಿ ತೆರೆದು ನೋಡಿ ಯಾವ ಪುಟ ತಡವಾಗಿ ಬಂತು, ಎಲ್ಲಿ ಒತ್ತಕ್ಷರ ಕತ್ತರಿಸಿದೆ ಎಂದು ಗುರುತು ಹಾಕಿ ಬರೆಯುತ್ತೇನೆ.

ಇಂತು ನಿಮ್ಮ ವಿಶ್ವಾಸಿ